ಹಿತ್ತಲಿಗೆ ಬಂದ ದ್ರೌಪದಿ

ಪುಣೆಯ ಹೊರವಲಯದ ನಮ್ಮ ಹಿತ್ತಲಿನಿಂದ, ಚಂದ್ರನಿಲ್ಲದ ನವೆಂಬರ್ ರಾತ್ರಿಯಲ್ಲೂ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಾಣುತ್ತವೆ. ಉಳಿದ ಆಕಾಶಕ್ಕೆಲ್ಲ ತೆಳು ಚಹಾದ ಬಣ್ಣ. ಇಲ್ಲಿಂದ 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯ ಚಿತ್ರ ತೆಗೆಯುತ್ತೇನೆಂದಾಗ ಪಕ್ಕದ ಮನೆಯ ಕಾಕಾ, "ಅಂದರೆ ನಮ್ಮ ದೇವಯಾನಿ!" ಎಂದರು. ಆ ಗೆಲಾಕ್ಸಿ ಕಾಣುವ ನಕ್ಷತ್ರಪುಂಜ ಮರಾಠಿಯಲ್ಲಿ ದೇವಯಾನಿ, ಕನ್ನಡದಲ್ಲಿ ದ್ರೌಪದಿ. ಯಾರ ಮಗಳಾದರೇನು, ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರದಲ್ಲಿ ಎತ್ತರಕ್ಕೇರಿರುತ್ತಾಳೆ.

ಗೆಲಾಕ್ಸಿ ಎಂದರೆ ಚುಕ್ಕೆಯಷ್ಟು ಚಿಕ್ಕದು, ದೊಡ್ಡ ದೂರದರ್ಶಕವೇ ಬೇಕು ಎಂದು ನಾನೂ ನಂಬಿದ್ದೆ. ಆದರೆ ಆಂಡ್ರೊಮಿಡಾದ ಉದ್ದ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ, ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು. ಹಳೆಯ ಕ್ಯಾಮೆರಾ, 200 ಮಿ.ಮೀ. ಲೆನ್ಸ್, ಭೂಮಿಯ ತಿರುಗುವಿಕೆಯನ್ನು ಸರಿದೂಗಿಸುವ ಪುಟ್ಟ ಯಂತ್ರ ಸಾಕು. ಯಂತ್ರವನ್ನು ಧ್ರುವನಕ್ಷತ್ರದ ಕಡೆಗೆ ಹೊಂದಿಸಬೇಕು. ಪುಣೆಯಲ್ಲಿ ಧ್ರುವನ ಎತ್ತರ ಹದಿನೆಂಟೂವರೆ ಡಿಗ್ರಿ ಮಾತ್ರ; ನಮಗೆ ಅವನು ಎದುರು ಕಟ್ಟಡದ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಇಣುಕುತ್ತಾನೆ.

ನಿಜವಾದ ತೊಡಕು ನಗರದ ಬೆಳಕು. ಅದು ಚಿತ್ರದ ತುಂಬ ಹೆಚ್ಚುಕಡಿಮೆ ಸಮನಾಗಿ ಹರಡಿರುವುದರಿಂದ ಕಂಪ್ಯೂಟರಿನಲ್ಲಿ ಕಳೆದುಬಿಡಬಹುದು. ಕಳೆಯಲಾಗದ್ದು ಅದರ ಏರುಪೇರು. ಬೆಳಕು ಬೀಳುವುದು ಮಳೆಹನಿಗಳಂತೆ. ಪಕ್ಕಪಕ್ಕದಲ್ಲಿಟ್ಟ ಎರಡು ಪಾತ್ರೆಗಳಿಗೆ ಒಂದೇ ಲೆಕ್ಕದ ಹನಿಗಳು ಬೀಳುವುದಿಲ್ಲ. ಸರಾಸರಿ ನೂರು ಬೀಳುವಲ್ಲಿ ಹತ್ತರ ಏರುಪೇರು ಸಹಜ, ಅಂದರೆ ಶೇ 10. ಹತ್ತು ಸಾವಿರ ಬಿದ್ದರೆ ಏರುಪೇರು ನೂರು, ಬರೀ ಶೇ 1. ಗೆಲಾಕ್ಸಿಯ ಹೊರತೋಳುಗಳು ಈ ಏರುಪೇರಿನಲ್ಲೇ ಮುಳುಗಿರುತ್ತವೆ. ಆದ್ದರಿಂದ ಹನಿ ಕೂಡಿಸುತ್ತ ಕೂರಬೇಕು: ತಲಾ 30 ಸೆಕೆಂಡಿನ 200 ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡಬೇಕು. ನಾಲ್ಕು ಪಟ್ಟು ದುಡಿದರೆ ಏರುಪೇರು ಅರ್ಧಕ್ಕಿಳಿಯುತ್ತದೆ. ಜಿಪುಣ ವ್ಯಾಪಾರ, ಆದರೆ ಮೋಸವಿಲ್ಲ.

ಮೂಡಿದ ಚಿತ್ರದಲ್ಲಿ ನಡುವಿನ ಹೊಳಪು, ಕಪ್ಪು ಧೂಳಿನ ಪಟ್ಟೆ, ಪಕ್ಕದಲ್ಲೇ ಎಂ32 ಎಂಬ ಮರಿ ಗೆಲಾಕ್ಸಿ. ಸುತ್ತ ಚೆಲ್ಲಿದ ನಕ್ಷತ್ರಗಳೆಲ್ಲ ನಮ್ಮ ಹಾಲುಹಾದಿಯವೇ, ಕಿಟಕಿ ಗಾಜಿನ ಮೇಲಿನ ಹನಿಗಳಂತೆ ನಡುವೆ ಬಂದವು. ಆಂಡ್ರೊಮಿಡಾ ಅವುಗಳಾಚೆಯ ಬೇರೆಯದೇ ಗೆಲಾಕ್ಸಿ ಎಂಬುದು ಖಚಿತವಾದದ್ದು, 1923ರಲ್ಲಿ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಅದರೊಳಗೊಂದು ಸೆಫೀಡ್ ನಕ್ಷತ್ರವನ್ನು (ಹೊಳಪು ಏರಿಳಿಯುವ ಅವಧಿಯಿಂದಲೇ ತನ್ನ ದೂರದ ಸುಳಿವು ಕೊಡುವಂಥದ್ದು) ಗುರುತಿಸಿ ದೂರ ಅಳೆದ ಮೇಲೆ.

ಕಾಕಾ ಚಿತ್ರಗಳನ್ನೆಲ್ಲ ನೋಡಿದರು. ಅವರು ತಮ್ಮ ಮೊಬೈಲಿಗೆ ಕೇಳಿ ಹಾಕಿಸಿಕೊಂಡದ್ದು ನಾನು ಅಳಿಸಬೇಕೆಂದಿದ್ದುದನ್ನು: ಲೋಹಗಾಂವ್‌ಗೆ ಇಳಿಯುತ್ತಿದ್ದ ವಿಮಾನವೊಂದು ದೇವಯಾನಿಗೆ ಅಡ್ಡಗೆರೆ ಎಳೆದಿದ್ದ ಚಿತ್ರ.