ಗಂಡನ ಸಹಿ ಕಾನೂನು ಕೇಳುವುದಿಲ್ಲ

ಗರ್ಭಪಾತಕ್ಕೆ ಗಂಡನ ಸಹಿ ಬೇಕೆಂದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ (ಎಂಟಿಪಿ) ಎಲ್ಲೂ ಬರೆದಿಲ್ಲ. 18 ತುಂಬಿದವಳು ಒಪ್ಪಿಗೆ ಪತ್ರವಾದ ನಮೂನೆ ‘ಸಿ’ಯಲ್ಲಿ ತಾನೇ ಸಹಿ ಹಾಕಿದರೆ ಸಾಕು. ಪೋಷಕರ ಲಿಖಿತ ಒಪ್ಪಿಗೆ ಬೇಕಾಗುವುದು ಅಪ್ರಾಪ್ತೆಯರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಮಾತ್ರ. ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಲೈನ್ ಮನೆಯಿಂದ ಹಾಸನಕ್ಕೆ ಬಂದವಳನ್ನು ‘ಯಜಮಾನರನ್ನ ಕರ್ಕೊಂಡು ಬಾರಮ್ಮ’ ಎಂದು ವಾಪಸ್ ಕಳಿಸಿದರೆ ಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ. ಮತ್ತೆ ಬರುವಷ್ಟರಲ್ಲಿ ವಾರಗಳೂ ಹೋಗಿರುತ್ತವೆ. ಈ ಕಾಯ್ದೆ ನಿಂತಿರುವುದೇ ವಾರದ ಲೆಕ್ಕದ ಮೇಲೆ.

ಆ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಹೆಚ್ಚಿನವರು ಅಂದುಕೊಂಡದ್ದಕ್ಕಿಂತ ಸುಮಾರು 2 ವಾರ ಮುಂದಿರುತ್ತಾರೆ. 9 ವಾರದೊಳಗೆ ವೈದ್ಯರ ಚೀಟಿಯ ಮೇಲೆ ಮಾತ್ರೆ ಸಾಧ್ಯ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತರಿಸಿ ನುಂಗಬೇಡಿ: ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ.

20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾದದ್ದೂ ಕಾರಣವಾಗುತ್ತದೆ; 2021ರ ತಿದ್ದುಪಡಿಯಲ್ಲಿ ‘ಗಂಡ’ ಹೋಗಿ ‘ಸಂಗಾತಿ’ ಬಂದಿದೆ. 20ರಿಂದ 24 ವಾರಕ್ಕೆ ಇಬ್ಬರು ವೈದ್ಯರು ಬೇಕು, ಅದೂ ಈ ಕಾಯ್ದೆಯಡಿಯ ನಿಯಮ 3ಬಿ ಹೇಳುವವರಿಗೆ ಮಾತ್ರ: ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಭ್ರೂಣದಲ್ಲಿ ತೊಂದರೆ ಕಂಡವರು, ಹೀಗೆ. ಅವಿವಾಹಿತೆಯರನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಅತ್ಯಾಚಾರದ ಪ್ರಕರಣದಲ್ಲಿ ಎಫ್‌ಐಆರ್ ತೋರಿಸಬೇಕಿಲ್ಲ. ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ವರದಿಯಲ್ಲಿ ವೈದ್ಯರು ಅವಳ ಹೆಸರು ಬರೆಯಬೇಕಿಲ್ಲ. ಈ ಎರಡೂ ಆ ತೀರ್ಪಿನಲ್ಲೇ ಇವೆ, ಆದರೆ ಓಪಿಡಿಯ (ಹೊರರೋಗಿ ವಿಭಾಗದ) ಮೇಜಿನ ತನಕ ಇಳಿದಿರುವುದು ಕಡಿಮೆ.

ಭ್ರೂಣದ ನ್ಯೂನತೆ ನೋಡುವ ಅನಾಮಲಿ ಸ್ಕ್ಯಾನಿಂಗ್ ಆಗುವುದೇ 18–20 ವಾರಕ್ಕೆ. ಅದರಲ್ಲಿ ಅನುಮಾನ ಬಂದು ಮೇಲಿನ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ 24 ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ಮಾತ್ರ ಅದು ಅನುಮತಿ ಕೊಡಬಹುದು. ಮನವಿ ತಲುಪಿದ 3 ದಿನದೊಳಗೆ ಮಂಡಳಿ ಅಭಿಪ್ರಾಯ ಕೊಡಬೇಕು, 5 ದಿನದೊಳಗೆ ಗರ್ಭಪಾತ ಆಗಬೇಕು. ಆದ್ದರಿಂದ ಮನವಿ ಕೊಟ್ಟಾಗ ತಾರೀಕಿರುವ ಸ್ವೀಕೃತಿ ತಪ್ಪದೆ ಪಡೆಯಿರಿ. 24 ವಾರ ದಾಟಿದ ಮೇಲೆ ಬೇರೆ ಕಾರಣಕ್ಕಾದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಬೇಕಾದ್ದಕ್ಕೆ ವಾರದ ಮಿತಿಯೇ ಇಲ್ಲ.

ಹೆರುವುದು, ಬಿಡುವುದು ಹೆಣ್ಣಿನ ಆಯ್ಕೆ, ಅದು ಸಂವಿಧಾನದ 21ನೇ ವಿಧಿಯ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಆದರೆ ಕಾಯ್ದೆ ಇಂದಿಗೂ ‘ಕೇಳಿದರೆ ಕೊಡಬೇಕು’ ಎನ್ನುವುದಿಲ್ಲ. ಸದ್ಭಾವನೆಯಿಂದ ಅಭಿಪ್ರಾಯಪಟ್ಟ ವೈದ್ಯರಿಗೆ ಅಪರಾಧದಿಂದ ರಕ್ಷಣೆ ಕೊಡುತ್ತದೆ, ಅಷ್ಟೆ. 2023ರ ಅಕ್ಟೋಬರ್‌ನಲ್ಲಿ 26 ವಾರ ದಾಟಿದ್ದ ವಿವಾಹಿತೆಗೆ ಅನುಮತಿ ಸಿಗದೆ ಹೋದದ್ದು ಈ ಬಿರುಕಿನಿಂದಲೇ.

ಹಾಸನದ ಹಿಮ್ಸ್‌ನಂಥ (ವೈದ್ಯಕೀಯ ಕಾಲೇಜು) ಸರ್ಕಾರಿ ಆಸ್ಪತ್ರೆಗೆ ಗರ್ಭಪಾತ ಮಾಡಲು ಪ್ರತ್ಯೇಕ ಮಾನ್ಯತೆ ಬೇಕಿಲ್ಲ. ಖಾಸಗಿಯಾದರೆ ಮಾನ್ಯತೆ ಪತ್ರ ಗೋಡೆಯ ಮೇಲೆ ಕಾಣಬೇಕು, ಕೇಳಿ ನೋಡಿ. ಗರ್ಭಪಾತ ಮಾಡಿಸಿಕೊಂಡವಳ ಹೆಸರು ಬಯಲು ಮಾಡಿದ ವೈದ್ಯರಿಗೆ 1 ವರ್ಷದವರೆಗೆ ಜೈಲು ಆಗಬಹುದು. ಊರಿನ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸುವುದೂ ಹೆಸರು ಬಯಲು ಮಾಡಿದ ಹಾಗೇ.