ಭಾಜಕ ನುಗ್ಗುವ ಕಿಂಡಿ

ಚಿತ್ರದುರ್ಗದ ಪದವಿ ತರಗತಿಗೆ ಸಂಖ್ಯಾಸಿದ್ಧಾಂತ ಹೇಳಿಕೊಡುವಾಗ ಪ್ರತಿವರ್ಷ ಕಪ್ಪುಹಲಗೆಯ ಮೇಲೆ 2147483647 ಎಂದು ದೊಡ್ಡದಾಗಿ ಬರೆಯುತ್ತೇನೆ. 214 ಕೋಟಿ 74 ಲಕ್ಷ 83 ಸಾವಿರದ 647. 2ರ 31ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಇದು. ಇದು ಅವಿಭಾಜ್ಯ ಎಂದೊಡನೆ ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: “ಸರ್, ಯಾರು ಭಾಗಿಸಿ ನೋಡಿದರು?”

“31 ಅವಿಭಾಜ್ಯ ಅಲ್ಲವೇ, ಹಾಗಾಗಿ ಇದೂ ಅವಿಭಾಜ್ಯ” ಎಂದ ಮುಂದಿನ ಸಾಲಿನವನು. 2, 3, 5, 7ನೇ ಘಾತಗಳಿಗೆ ಅವನ ಮಾತು ನಡೆಯುತ್ತದೆ: 3, 7, 31, 127. ಹನ್ನೊಂದಕ್ಕೆ ಬಂದಾಗ ಮುರಿದು ಬೀಳುತ್ತದೆ. 2047 ಎಂದರೆ 23 × 89.

ಆ 23ರ ಮುಂದೆ ಸ್ವಲ್ಪ ಹೊತ್ತು ಕೂರಬೇಕು. 1ರಿಂದ ಹೊರಟು ಇಮ್ಮಡಿಸುತ್ತಾ ಹೋಗಿ, 23 ದಾಟಿದಾಗಲೆಲ್ಲ 23 ಕಳೆಯಿರಿ: 1, 2, 4, 8, 16, 9, 18, 13, 3, 6, 12, ಮತ್ತೆ 1. ಸರಿಯಾಗಿ ಹನ್ನೊಂದು ಹೆಜ್ಜೆಗೆ ಸುತ್ತು ಮುಗಿಯಿತು; ಅಂದರೆ 2ರ 11ನೇ ಘಾತವನ್ನು 23ರಿಂದ ಭಾಗಿಸಿದರೆ ಶೇಷ 1, ಅದಕ್ಕೇ 23 2047ನ್ನು ಭಾಗಿಸುತ್ತದೆ. ಗಣಿತಜ್ಞ ಫರ್ಮಾನ ಕಿರು ಪ್ರಮೇಯದ ಪ್ರಕಾರ ಈ ಸುತ್ತಿನ ಉದ್ದವು ಭಾಜಕಕ್ಕಿಂತ 1 ಕಡಿಮೆ ಇರುವ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸಲೇಬೇಕು. 22ರಲ್ಲಿ 11 ಎರಡು ಸಲ, 88ರಲ್ಲಿ ಎಂಟು ಸಲ. ಹಾಗೆಯೇ 2147483647ಕ್ಕೆ ಅವಿಭಾಜ್ಯ ಭಾಜಕವೊಂದಿದ್ದರೆ ಅದರಿಂದ 1 ಕಳೆದಾಗ 31ರ ಗುಣಕ ಸಿಗಬೇಕು. ಭಾಜಕ ಬೆಸವಾದ್ದರಿಂದ 62ರ ಗುಣಕವೇ ಸಿಗಬೇಕು. ಇನ್ನೊಂದು ನಿಯಮವೂ ಇದೆ: ಅಂಥ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಅದರ ಸಾಧನೆ ಉದ್ದ, ಇಲ್ಲಿ ಬಿಡುತ್ತೇನೆ.

ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಓಬವ್ವ ಇಡೀ ಕೋಟೆಯನ್ನು ಕಾಯಲಿಲ್ಲ; ಶತ್ರು ತೂರಿ ಬರುವ ಕಿಂಡಿಯ ಬಳಿ ಒನಕೆ ಹಿಡಿದು ನಿಂತಳು. ಹದಿನೆಂಟನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಮಾಡಿದ್ದೂ ಅದನ್ನೇ. ಸಂಖ್ಯೆ ಒಡೆಯುವುದಾದರೆ ಅದರ ಒಂದು ಅವಿಭಾಜ್ಯ ಭಾಜಕವಾದರೂ ವರ್ಗಮೂಲದೊಳಗೇ ಇರಬೇಕು; ಆ ವರ್ಗಮೂಲ 46340ರ ಆಸುಪಾಸು, ಅಲ್ಲಿಯವರೆಗೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಎರಡೂ ನಿಯಮಗಳನ್ನು ಸೇರಿಸಿದರೆ ಭಾಜಕವು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದ ರೂಪದಲ್ಲೇ ಇರಬೇಕು. ಅಂಥವು ಹೆಚ್ಚೆಂದರೆ ಮುನ್ನೂರ ಎಪ್ಪತ್ತು ಚಿಲ್ಲರೆ. ಯಾವುದೂ ಭಾಗಿಸಲಿಲ್ಲ. 1772ರ ಹೊತ್ತಿಗೆ, ಕಂಪ್ಯೂಟರ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಅವರು ಇದನ್ನು ಸಾಧಿಸಿದ್ದರು. ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. 2024ರ ಅಕ್ಟೋಬರ್‌ನಲ್ಲಿ ಇದೇ ಬಗೆಯ 4,10,24,320 ಅಂಕಿಗಳ ಅವಿಭಾಜ್ಯವೊಂದು ಸಿಕ್ಕಿತು. ಅಷ್ಟು ದೊಡ್ಡವಕ್ಕೆ ಬೇರೆ ಪರೀಕ್ಷೆ ಬೇಕು. ಆದರೂ ಅಭ್ಯರ್ಥಿ ಸಂಖ್ಯೆಗಳನ್ನು ಮೊದಲು ಹಾಯಿಸುವುದು ಈ ಜರಡಿಯಲ್ಲೇ.

ಅಂದು ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು 13ನೇ ಘಾತದ 8191 ಬರೆಸಿದೆ. ವರ್ಗಮೂಲ 90ರ ಆಸುಪಾಸು. 26ರ ಗುಣಕಕ್ಕೆ 1 ಕೂಡಿಸಿ ಅವಳು 27, 53, 79 ಎಂದು ಬರೆದಳು. 27 ಅವಿಭಾಜ್ಯವಲ್ಲ. 53ನ್ನು 8ರಿಂದ ಭಾಗಿಸಿದರೆ ಶೇಷ 5, ಅದೂ ಹೋಯಿತು. ಉಳಿದದ್ದು 79 ಒಂದೇ. ಭಾಗಾಕಾರ ಮಾಡಿದಳು: 79 × 103 ಎಂದರೆ 8137, ಶೇಷ 54. “ಇಷ್ಟೇನಾ ಸರ್?” ಎಂದು ತಿರುಗಿ ನೋಡಿದಳು. ಇಷ್ಟೇ ಎಂದೆ.