ಬಿಲ್ಲಿಗೆ ಲೆಕ್ಕ ಇದೆ, ನಿರ್ಧಾರಕ್ಕೆ ಇಲ್ಲ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಬಿ.ಪಿ. ಮೆಷಿನ್ ರಿಪೇರಿಗೆ ನಾನೂರು ರೂಪಾಯಿ ಕೊಟ್ಟರು ಅಂದುಕೊಳ್ಳಿ. ಆ ನಾನೂರಕ್ಕೆ ಬಿಲ್ಲು ಬೇಕು. ಬಿಲ್ಲಿನ ಮೇಲೆ ಕೆಲಸ ಸರಿಯಾಗಿದೆ ಎಂದು ಬರೆದು ಸಹಿ ಹಾಕಿರಬೇಕು. ವೋಚರ್ ನಂಬರ್ ಕೊಡಬೇಕು, ಕ್ಯಾಷ್ ಬುಕ್ಕಿಗೆ ಏರಿಸಬೇಕು, ಹೊಸ ಬಿಡಿಭಾಗ ಹಾಕಿಸಿದ್ದರೆ ದಾಸ್ತಾನು ಪುಸ್ತಕದಲ್ಲಿ ತೋರಿಸಬೇಕು, ಆರೋಗ್ಯ ರಕ್ಷಾ ಸಮಿತಿಯ ನಡಾವಳಿಯಲ್ಲಿ ಒಪ್ಪಿಗೆ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ನಾನು ಆಕ್ಷೇಪಣೆ ಬರೆಯುತ್ತೇನೆ. ಅದಕ್ಕೇ ನನಗೆ ಸಂಬಳ.

ಈಗ ಅದೇ ಕೇಂದ್ರದ ಪಕ್ಕದ ಕೋಣೆಗೆ ಬನ್ನಿ. ಲ್ಯಾಬ್ ಟೆಕ್ನಿಷಿಯನ್ ಹುದ್ದೆ ವರ್ಷಗಟ್ಟಲೆಯಿಂದ ಖಾಲಿ. ಮೈಕ್ರೋಸ್ಕೋಪಿಗೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದಾರೆ. ಜ್ವರ ಅಂತ ಬಂದವರು ಹೊರಗಿನ ಲ್ಯಾಬಿಗೆ ಹೋಗಿ, ದುಡ್ಡು ಕೊಟ್ಟು ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ. ಇದಕ್ಕೆ ಎಷ್ಟು ಕಾಗದ ಬೇಕು? ಒಂದೂ ಬೇಡ. ಹುದ್ದೆ ತುಂಬದೇ ಇರುವುದಕ್ಕೆ ವೋಚರ್ ಇರುವುದಿಲ್ಲ. ವೋಚರ್ ಇಲ್ಲದ್ದರ ಬಗ್ಗೆ ಬರೆಯಲು ನನ್ನ ನಮೂನೆಯಲ್ಲಿ ಜಾಗವೂ ಇಲ್ಲ.

ನಾನು ಚಾರ್ಟರ್ಡ್ ಅಕೌಂಟೆಂಟ್. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಜಿಲ್ಲೆ, ತಾಲ್ಲೂಕುಗಳಲ್ಲಿ ಹೇಗೆ ಖರ್ಚಾಗುತ್ತದೆ ಅಂತ ನೋಡುವುದು ನನ್ನ ಕೆಲಸ. ಸರ್ಕಾರಿ ಆಸ್ಪತ್ರೆಯ ದುಡ್ಡಿಗೆ ಲೆಕ್ಕ ಕೇಳೋರೇ ಇಲ್ಲ ಅಂತ ಜನ ಬೈಯುವುದನ್ನು ಕೇಳಿದ್ದೇನೆ. ಅದು ಪೂರ್ತಿ ನಿಜ ಅಲ್ಲ. ಕೇಳುವವರು ಜಾಸ್ತಿಯೇ ಇದ್ದಾರೆ. ತೊಂದರೆ ಏನೆಂದರೆ, ಅವರೆಲ್ಲ ಕೆಳಗಿನ ಮೆಟ್ಟಿಲಲ್ಲೇ ಕೇಳುತ್ತಾರೆ. ನಾನೂರು ರೂಪಾಯಿ ಕೊಟ್ಟವರು ಉತ್ತರ ಕೊಡಬೇಕು. ಹುದ್ದೆ ತುಂಬುವುದು ಬೇಡ ಅಂದವರು, ಹಣ ತಡವಾಗಿ ಬಿಟ್ಟವರು, ಗುರಿ ಘೋಷಿಸಿ ಮರೆತವರು ಉತ್ತರ ಕೊಡಬೇಕಾಗಿಲ್ಲ.

ಗುರಿಯ ವಿಷಯವನ್ನೇ ತೆಗೆದುಕೊಳ್ಳೋಣ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಒಂದು ಮಾತು ಕೊಟ್ಟಿದ್ದರು. ಆಗ ದೇಶದ ಒಟ್ಟು ಉತ್ಪನ್ನದ ಶೇ 1.15ರಷ್ಟಿದ್ದ ಸರ್ಕಾರಿ ಆರೋಗ್ಯ ವೆಚ್ಚವನ್ನು 2025ರ ಹೊತ್ತಿಗೆ ಶೇ 2.5ಕ್ಕೆ ತರುತ್ತೇವೆ ಅಂತ. ರಾಜ್ಯಗಳು 2020ರೊಳಗೆ ತಮ್ಮ ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚು ಹಣವನ್ನು ಆರೋಗ್ಯಕ್ಕೆ ಇಡಬೇಕು ಅಂತಲೂ ಅದರಲ್ಲಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ 2021–22ರಲ್ಲಿ ಸರ್ಕಾರಿ ವೆಚ್ಚ ಶೇ 1.84. ಅದು ಕೋವಿಡ್ ವರ್ಷ, ಲಸಿಕೆಯ ವರ್ಷ. ಆ ಅಂಕಿ ಹೊರಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಂದರೆ ಗುರಿಯ ವರ್ಷ ಬರುವ ಹೊತ್ತಿಗೆ ನಮ್ಮ ಕೈಯಲ್ಲಿದ್ದದ್ದು ಮೂರು ವರ್ಷ ಹಳೆಯ ಲೆಕ್ಕ. 2025 ಮುಗಿಯಿತು. ಮುಟ್ಟಿದೆವೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಅಂತ ಸದನದ ಮುಂದೆ ನಿಂತು ಹೇಳಲೇಬೇಕು ಎನ್ನುವ ನಿಯಮ ಯಾವುದೂ ಇಲ್ಲ. ನೀತಿ ಅಂದರೆ ಕಾನೂನಲ್ಲ. ಸಂವಿಧಾನದ 47ನೇ ವಿಧಿ ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ. ಆದರೆ ಅದು ನಿರ್ದೇಶಕ ತತ್ವ. ಅದನ್ನೇ ಹಿಡಿದು ಕೋರ್ಟಿಗೆ ಹೋಗಲು ಬರುವುದಿಲ್ಲ.

ಇನ್ನೊಂದು ಅಂಕಿಯನ್ನು ಸರ್ಕಾರಗಳು ಖುಷಿಯಿಂದ ಹೇಳುತ್ತವೆ. ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿಯಿತು ಅಂತ. ಒಳ್ಳೆಯದೇ. ಆದರೆ ಈ ಅಂದಾಜಿನ ಬುಡದಲ್ಲಿರುವುದು 2017–18ರ ಮನೆಮನೆ ಸಮೀಕ್ಷೆ. ಕೋವಿಡ್ಡಿಗೆ ಮುಂಚಿನದು. ಎರಡನೇ ಅಲೆಯಲ್ಲಿ ಸಾಲ ಮಾಡಿ ಬಿಲ್ಲು ಕಟ್ಟಿದವರನ್ನು ಅದರಲ್ಲಿ ಹುಡುಕಬೇಡಿ.

ಹಣದ ದಾರಿ ಒಂದಿಷ್ಟು ತಿಳಿದಿರಲಿ. ಆರೋಗ್ಯ ರಾಜ್ಯ ಪಟ್ಟಿಯಲ್ಲಿರುವ ವಿಷಯ. ರಾಜ್ಯದ ಬಜೆಟ್ ಪುಸ್ತಕದಲ್ಲಿ 2210 ಎಂಬ ಲೆಕ್ಕ ಶೀರ್ಷಿಕೆ ಹುಡುಕಿ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ದಿನನಿತ್ಯದ ಖರ್ಚು ಅಲ್ಲಿರುತ್ತದೆ. 2211 ಕುಟುಂಬ ಕಲ್ಯಾಣದ್ದು. ಕಟ್ಟಡ, ದೊಡ್ಡ ಯಂತ್ರಗಳದ್ದು 4210. ಇದರ ಜೊತೆಗೆ ಆರೋಗ್ಯ ಅಭಿಯಾನದ ಹಣ, ಕೇಂದ್ರ 60 ಪಾಲು, ರಾಜ್ಯ 40 ಪಾಲು. ಬಜೆಟ್ ದಿನ ಟಿವಿಯಲ್ಲಿ ಓದುವುದು ಅಂದಾಜು ಮಾತ್ರ. ಮರುವರ್ಷದ ಪುಸ್ತಕದಲ್ಲಿ ಪರಿಷ್ಕೃತ ಅಂದಾಜು ಬರುತ್ತದೆ, ಅದರ ಮರುವರ್ಷ ನಿಜವಾದ ಲೆಕ್ಕ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತಿಗೂ ಕೃತಿಗೂ ಇರುವ ಅಂತರ ಗೊತ್ತಾಗುತ್ತದೆ. ಪತ್ರಿಕೆಗಳು ಮೊದಲನೆಯದಕ್ಕೆ ಮುಖಪುಟ ಕೊಡುತ್ತವೆ. ಮೂರನೆಯದನ್ನು ಯಾರೂ ತೆರೆದು ನೋಡುವುದಿಲ್ಲ.

ಖಾಲಿ ಹುದ್ದೆಯ ಸುಳಿವು ಸಿಗುವುದೂ ಈ ಲೆಕ್ಕದಲ್ಲೇ. ಸಂಬಳಕ್ಕೆ ಇಟ್ಟ ಹಣ ಖರ್ಚಾಗದೆ ಉಳಿಯುತ್ತದೆ. ಸದನ ಒಪ್ಪಿದ ಹಣ ಎಷ್ಟು, ಖರ್ಚಾದದ್ದು ಎಷ್ಟು ಅಂತ ತೋರಿಸುವ ಧನವಿನಿಯೋಗ ಲೆಕ್ಕಗಳಲ್ಲಿ ಅದಕ್ಕೆ ಒಂದು ಸಾಲಿನ ಕಾರಣ ಬರುತ್ತದೆ: ಹುದ್ದೆಗಳು ಭರ್ತಿಯಾಗದ ಕಾರಣ. ಅಷ್ಟೇ, ಅಲ್ಲಿಗೆ ಮುಗಿಯಿತು. ಯಾರು ಭರ್ತಿ ಮಾಡಲಿಲ್ಲ, ಕಡತ ಯಾರ ಮೇಜಿನ ಮೇಲೆ ನಿಂತಿತು, ಆ ವರ್ಷ ಎಷ್ಟು ರೋಗಿಗಳು ವಾಪಸ್ ಹೋದರು ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ.

ಇನ್ನು ಮಾರ್ಚ್ ತಿಂಗಳು. ಸರ್ಕಾರಿ ಲೆಕ್ಕದ ಗಂಧಗಾಳಿ ಇದ್ದವರಿಗೆಲ್ಲ ಈ ತಿಂಗಳ ಪಾಡು ಗೊತ್ತು. ವರ್ಷವಿಡೀ ಬಾರದ ಅನುದಾನ ಕೊನೆಯ ವಾರ ಬರುತ್ತದೆ. ಮೂವತ್ತೊಂದರೊಳಗೆ ಖರ್ಚು ತೋರಿಸಿ ಅನ್ನುವ ಆದೇಶವೂ ಜೊತೆಗೇ ಬರುತ್ತದೆ. ಆಗ ಏನಾಗುತ್ತದೆ? ಬೇಕಾದ್ದು ಕೊಳ್ಳಲು ಟೆಂಡರ್ ಕರೆಯುವಷ್ಟು ಸಮಯ ಇರುವುದಿಲ್ಲ, ಸಿಕ್ಕಿದ್ದು ಕೊಳ್ಳುತ್ತಾರೆ. ಇಲ್ಲವೇ ಇನ್ನೊಂದು ಸಂಸ್ಥೆಗೆ ಮುಂಗಡ ಕೊಟ್ಟು ಅದನ್ನೇ ಖರ್ಚು ಅಂತ ಬರೆಯುತ್ತಾರೆ. ಏಪ್ರಿಲ್‌ನಲ್ಲಿ ನಾವು ಹೋಗಿ ಆ ಮುಂಗಡ ಹಿಡಿಯುತ್ತೇವೆ. ಆಕ್ಷೇಪಣೆ ಹೋಗುವುದು ತಾಲ್ಲೂಕು ಆರೋಗ್ಯಾಧಿಕಾರಿ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಇಲ್ಲಿ ಬೈಗುಳವೆಲ್ಲ ಪೂಜಾರಿಗೇ. ದೇವರು ವರ ಕೊಟ್ಟದ್ದೇ ಮಾರ್ಚ್ 28ಕ್ಕೆ ಅನ್ನುವುದನ್ನು ಯಾರೂ ಎತ್ತುವುದಿಲ್ಲ.

ಇದರ ಜೊತೆಗೆ ಹಣಬಳಕೆ ಪ್ರಮಾಣಪತ್ರ, ನಮ್ಮ ಬಾಯಲ್ಲಿ ಯುಸಿ. ರಾಜ್ಯಗಳಿಗೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರ ನಮೂನೆ 12-ಸಿ. ಇಷ್ಟು ಹಣ ಮಂಜೂರಾಯಿತು, ಇಷ್ಟನ್ನು ಮಂಜೂರಾದ ಉದ್ದೇಶಕ್ಕೆ ಬಳಸಲಾಗಿದೆ, ಇಷ್ಟು ಉಳಿದಿದೆ, ಷರತ್ತುಗಳು ಪಾಲನೆಯಾಗಿವೆ ಎಂದು ನನಗೆ ಮನವರಿಕೆಯಾಗಿದೆ ಅಂತ ಬರೆದು ಕೆಳಗೆ ಸಹಿ. ಒಂದು ಆಸ್ಪತ್ರೆಗೆ ಎಕ್ಸ್‌ರೇ ಮೆಷಿನ್ ಕೊಂಡರೆ, ಮೆಷಿನ್ ಬಂದು ಬಿಲ್ಲು ಪಾವತಿಯಾದ ದಿನವೇ ಯುಸಿ ಬರೆಯಬಹುದು. ಟೆಕ್ನಿಷಿಯನ್ ಇಲ್ಲದೆ ಮೆಷಿನ್ ಪೆಟ್ಟಿಗೆಯೊಳಗೇ ಇದ್ದರೂ ಯುಸಿ ಸರಿಯಾಗಿಯೇ ಇರುತ್ತದೆ. ಉದ್ದೇಶ ಎಕ್ಸ್‌ರೇ ಮೆಷಿನ್ ಕೊಳ್ಳುವುದು ತಾನೇ? ಮುರಿದ ಕೈಯ ಫೋಟೋ ತೆಗೆಯುವುದು ಅಂತ ಮಂಜೂರಾತಿ ಆದೇಶದಲ್ಲಿ ಇರುವುದಿಲ್ಲ.

ಒಂದು ಸುಧಾರಣೆಯನ್ನು ಮಾತ್ರ ಹೇಳಲೇಬೇಕು. 2021ರ ಜುಲೈಯಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ರಾಜ್ಯದಲ್ಲಿ ಒಂದೇ ನೋಡಲ್ ಖಾತೆಯಲ್ಲಿ ಇರಬೇಕು ಅಂತಾಯಿತು. ಕೆಳಗಿನ ಕಚೇರಿಗಳಿಗೆ ಖರ್ಚಿನ ಮಿತಿ ಮಾತ್ರ, ಖಾತೆಯಲ್ಲಿ ಬ್ಯಾಲೆನ್ಸ್ ಸೊನ್ನೆ. ಮುಂಚೆ ನೂರಾರು ಬ್ಯಾಂಕ್ ಖಾತೆಗಳಲ್ಲಿ ಹಣ ಸುಮ್ನೆ ಮಲಗಿರುತ್ತಿತ್ತು, ಅದು ನಿಂತಿತು. 2023ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಬಂತು. ಕೇಂದ್ರದ ಪಾಲನ್ನು ಆ ಖಾತೆಗೆ 30 ದಿನದೊಳಗೆ ಹಾಕದ ರಾಜ್ಯ ಸರ್ಕಾರ ವರ್ಷಕ್ಕೆ ಶೇ 7ರ ಬಡ್ಡಿ ಕೊಡಬೇಕು. ನನ್ನ ಕೆಲಸದಲ್ಲಿ ನಾನು ಕಂಡಂತೆ, ಮೇಲಿನವರ ವಿಳಂಬಕ್ಕೆ ಬೆಲೆ ಕಟ್ಟಿದ ಅಪರೂಪದ ನಿಯಮ ಇದು. ಹಣ ತಡವಾಗಿ ಬಿಡುವ ಕೇಂದ್ರಕ್ಕೂ ಇಂಥದ್ದೇ ಬಡ್ಡಿ ಇದ್ದಿದ್ದರೆ ಚೆನ್ನಾಗಿತ್ತು, ಅಲ್ವಾ?

ಮೇಲಿನವರನ್ನು ಕೇಳುವ ಸಂಸ್ಥೆ ಇಲ್ಲವೇ ಇಲ್ಲ ಅಂತಲ್ಲ. ಸರ್ಕಾರಗಳ ಲೆಕ್ಕ ಪರಿಶೋಧಿಸುವ ಸಂವಿಧಾನಾತ್ಮಕ ಸಂಸ್ಥೆ ಸಿಎಜಿ ಇದೆ. ಅದರ ವರದಿ ಸದನದ ಮುಂದೆ ಬರಬೇಕು ಅಂತ ಸಂವಿಧಾನದ 151ನೇ ವಿಧಿ ಹೇಳುತ್ತದೆ. ಸಿಎಜಿ ಬಿಲ್ಲು ಮಾತ್ರ ನೋಡುವುದಿಲ್ಲ, ಯೋಜನೆ ಫಲ ಕೊಟ್ಟಿತಾ ಅಂತಲೂ ನೋಡುತ್ತದೆ. ಆಯುಷ್ಮಾನ್ ಭಾರತ್ ಬಗ್ಗೆ 2023ರ ಆಗಸ್ಟ್‌ನಲ್ಲಿ ಮಂಡನೆಯಾದ ವರದಿ ನೆನಪಿರಬಹುದು. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು, ಹತ್ತು ಬಾರಿ ಒಂಬತ್ತು. ಮೊಬೈಲ್ ನಂಬರ್ ನೋಡಿ ನಾವು ಚಿಕಿತ್ಸೆ ಕೊಡುವುದಿಲ್ಲ ಎಂದು ಸರ್ಕಾರ ಹೇಳಿತು. ಆ ಮಾತು ತಪ್ಪಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಆಸ್ಪತ್ರೆ ಕ್ಲೇಮ್ ಮಾಡಿದೆ ಅಂತ ಆ ಏಳೂವರೆ ಲಕ್ಷ ಜನರಿಗೆ ಮೆಸೇಜ್ ಹೋಗುವುದು ಯಾವ ನಂಬರಿಗೆ? ಲೆಕ್ಕ ಕೇಳಬಲ್ಲ ಒಬ್ಬನೇ ಸಾಕ್ಷಿ ರೋಗಿ. ಅವನ ಬಾಯನ್ನೇ ಕಟ್ಟಿದ ಹಾಗಾಯಿತು.

ಸಿಎಜಿಯ ಕಷ್ಟ ಸಮಯದ್ದು. ದೆಹಲಿಯ ಆರೋಗ್ಯ ಸೌಲಭ್ಯಗಳ ಬಗೆಗಿನ ವರದಿ ನೋಡಿದ್ದು 2016–17ರಿಂದ 2021–22ರವರೆಗಿನ ಅವಧಿಯನ್ನು. ಅದು ಅಲ್ಲಿನ ವಿಧಾನಸಭೆಯ ಮುಂದೆ ಬಂದದ್ದು 2025ರ ಫೆಬ್ರವರಿಯಲ್ಲಿ, ಸರ್ಕಾರವೇ ಬದಲಾದ ಮೇಲೆ. ನಮ್ಮಲ್ಲೂ ಕೋವಿಡ್ ಖರೀದಿಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ರಚನೆಯಾದದ್ದು 2023ರಲ್ಲಿ, ಮಧ್ಯಂತರ ವರದಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಖರೀದಿ ಶುರುವಾದದ್ದು 2020ರಲ್ಲಿ. ಸಿಎಜಿ ವರದಿ ಬಂದ ಮೇಲೆ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪ್ಯಾರಾ ಪ್ಯಾರಾ ಆಗಿ ಇಲಾಖೆಯನ್ನು ಕರೆದು ಕೇಳಬೇಕು. ಅಷ್ಟರಲ್ಲಿ ನಿರ್ಧಾರ ಮಾಡಿದವರು ವರ್ಗವಾಗಿರುತ್ತಾರೆ, ನಿವೃತ್ತರಾಗಿರುತ್ತಾರೆ, ಇಲ್ಲವೇ ವಿರೋಧ ಪಕ್ಷದಲ್ಲಿ ಕೂತಿರುತ್ತಾರೆ. ಉತ್ತರ ಕೊಡಲು ಬರುವ ಅಧಿಕಾರಿಗೆ ಆ ಕಡತದ ಮುಖವೂ ಗೊತ್ತಿರುವುದಿಲ್ಲ.

ಔಷಧದ ವಿಷಯದಲ್ಲಿ ಈ ವಿಳಂಬ ಜೀವವನ್ನೇ ತೆಗೆಯಬಹುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಬಂತು. ರಾಜ್ಯದ ಪ್ರಯೋಗಾಲಯದಲ್ಲಿ ಫೇಲಾಗಿದ್ದ ಕೆಲವು ಬ್ಯಾಚುಗಳು ಕೇಂದ್ರದ ಪ್ರಯೋಗಾಲಯದಲ್ಲಿ ಪಾಸಾಗಿದ್ದವು ಅಂತ ಸರ್ಕಾರ ಹೇಳಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಒಬ್ಬ ಅಧಿಕಾರಿಯನ್ನು ಅಮಾನತು ಮಾಡುವುದು ಬೇಗ ಆಗುವ ಕೆಲಸ. ಎರಡು ಪ್ರಯೋಗಾಲಯಗಳ ಉತ್ತರ ಬೇರೆ ಬೇರೆ ಬಂದಾಗ ಸ್ಟಾಕ್ ತಡೆಹಿಡಿಯಬೇಕೋ ಬಿಡಬೇಕೋ ಅನ್ನುವ ನಿಯಮವನ್ನು ಯಾರು ಬರೆಯಬೇಕಿತ್ತು? ಆ ಪ್ರಶ್ನೆ ಅಮಾನತಿನ ಆದೇಶದೊಳಗೆ ಹಿಡಿಸುವುದಿಲ್ಲ.

ಇದಕ್ಕೆ ಹೋಲಿಸಿ ತಮಿಳುನಾಡು ನೋಡಿ. 1994ರಲ್ಲಿ ಅವರು ಔಷಧ ಖರೀದಿಗೆ ಬೇರೆಯೇ ನಿಗಮ ಮಾಡಿಕೊಂಡರು. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಈ ವರ್ಷ ನಿನಗೆ ಇಷ್ಟು ಮೌಲ್ಯದ ಔಷಧ ಅಂತ ಅದರಲ್ಲಿ ಬರೆದಿರುತ್ತಾರೆ. ಜಿಲ್ಲಾ ಗೋದಾಮಿಗೆ ಪಾಸ್‌ಬುಕ್ ಒಯ್ದು ಬೇಕಾದ ಔಷಧ ಎತ್ತಿಕೊಂಡರೆ ಅಷ್ಟು ಕಳೆಯುತ್ತಾರೆ. ನನಗೆ ಇದು ಇಷ್ಟವಾಗುವುದು ಒಂದೇ ಕಾರಣಕ್ಕೆ. ಔಷಧ ಇಲ್ಲ ಅಂದಾಗ ತಪ್ಪು ಎಲ್ಲಿದೆ ಅಂತ ಆ ಸಣ್ಣ ಪುಸ್ತಕ ಹೇಳುತ್ತದೆ. ಪುಸ್ತಕದಲ್ಲಿ ಬಾಕಿ ಇದ್ದೂ ಡಾಕ್ಟರು ತರಲಿಲ್ಲವೋ, ಗೋದಾಮಿನಲ್ಲೇ ಇರಲಿಲ್ಲವೋ, ಅಥವಾ ಹಂಚಿಕೆಯೇ ಕಡಿಮೆಯೋ? ಮೂರನೆಯದಾದರೆ ಅದು ಮೇಲಿನವರ ನಿರ್ಧಾರ, ಬರಹದಲ್ಲೇ ಇದೆ.

ಕೆಳಗಿನವರೆಲ್ಲ ಪಾಪದವರು ಅಂತ ನಾನು ವಾದ ಮಾಡುತ್ತಿಲ್ಲ. ಹೆರಿಗೆ ವಾರ್ಡಿನಲ್ಲಿ ಗಂಡು ಮಗುವಿಗೊಂದು ರೇಟು, ಹೆಣ್ಣು ಮಗುವಿಗೊಂದು ರೇಟು ಕೇಳುವ ಸಿಬ್ಬಂದಿಯ ಬಗ್ಗೆ ದೂರುಗಳನ್ನು ಓದಿದ್ದೇನೆ. ಡಾ. ಸುದರ್ಶನ್ ಅಧ್ಯಕ್ಷತೆಯ ಕರ್ನಾಟಕದ ಆರೋಗ್ಯ ಕಾರ್ಯಪಡೆ 2001ರಲ್ಲೇ ಭ್ರಷ್ಟಾಚಾರವನ್ನು ಇಲಾಖೆಯ ದೊಡ್ಡ ರೋಗಗಳಲ್ಲಿ ಒಂದು ಅಂತ ಪಟ್ಟಿ ಮಾಡಿತ್ತು. ಆದರೆ ಲಂಚ ಹಿಡಿಯಲು ಲೋಕಾಯುಕ್ತ ಇದೆ. ಖಾಲಿ ಹುದ್ದೆ ಹಿಡಿಯಲು ಯಾರಿದ್ದಾರೆ?

ಒಮ್ಮೊಮ್ಮೆ ನ್ಯಾಯಾಲಯ ಹಿಡಿದಿದೆ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಅಂತ ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತು. ಕೊನೆಗೆ ಖಾಸಗಿ ಆಸ್ಪತ್ರೆಯೇ ಗತಿಯಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಹಣ ಇಲ್ಲ ಅನ್ನುವ ನೆಪ ಹೇಳಿ ಸರ್ಕಾರ ಜೀವ ಉಳಿಸುವ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂದಿತು. ಆ ಪ್ರಕರಣದಲ್ಲಿ ಉತ್ತರ ಕೊಡಬೇಕಾದದ್ದು ವಾರ್ಡಿನ ಡಾಕ್ಟರಲ್ಲ, ರಾಜ್ಯ. ಹಾಗೆ ನೋಡಿದರೆ ನಾವು ಬೇಡುತ್ತಿರುವುದೂ ಅಷ್ಟೇ.

ಓದುಗರಲ್ಲಿ ಕೆಲವರಾದರೂ ತಮ್ಮೂರಿನ ಆಸ್ಪತ್ರೆಯ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರುತ್ತೀರಿ. ನಾನು ನೋಡಿದ ಇಂಥ ಅರ್ಜಿಗಳಲ್ಲಿ ಹೆಚ್ಚಿನವು ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಬಿಲ್ಲಿನ ಪ್ರತಿ ಕೊಡಿ ಅಂತ ಕೇಳುತ್ತವೆ. ಪಾಪ, ಪಿಎಚ್‌ಸಿಯ ಕ್ಲರ್ಕು ರಾತ್ರಿ ಕೂತು ಜೆರಾಕ್ಸ್ ಮಾಡಿಸುತ್ತಾನೆ. ಅದರ ಬದಲು ಮೇಲಕ್ಕೆ ಕೇಳಿ. ‘ಯಾಕೆ ತುಂಬಲಿಲ್ಲ’ ಅಂತ ಬರೆಯಬೇಡಿ. ಕಾರಣ ಕೇಳಿದರೆ ಅದು ದಾಖಲೆಯಲ್ಲ ಅಂತ ಅರ್ಜಿ ತಳ್ಳಿಹಾಕುತ್ತಾರೆ. ‘ಈ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಭರ್ತಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಅಂತ ಬರೆಯಿರಿ. ಯಾವ ದಿನ ಯಾರು ಏನು ಬರೆದು ಕಡತ ಮುಂದೆ ಕಳಿಸಿದರು, ಹಣಕಾಸು ಇಲಾಖೆ ಏನಂದಿತು ಅನ್ನುವುದು ಆ ಹಾಳೆಗಳಲ್ಲಿ ಇರುತ್ತದೆ. ಕರ್ನಾಟಕದಲ್ಲಿ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದ ಮಿತಿ. ಅರ್ಜಿಯನ್ನು ಆಸ್ಪತ್ರೆಗೆ ಹಾಕಬೇಡಿ, ಬೆಂಗಳೂರಿನ ಆರೋಗ್ಯ ಇಲಾಖೆಯ ಆಯುಕ್ತರ ಕಚೇರಿಗೆ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲೇ ಮೊದಲ ಮೇಲ್ಮನವಿ ಹಾಕಬಹುದು. ಅಂಥ ಕಡತವೇ ತೆರೆದಿಲ್ಲ ಅಂತ ಉತ್ತರ ಬಂದರೆ ಅದನ್ನು ಎಸೆಯಬೇಡಿ. ನಿಮ್ಮ ಶಾಸಕರು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಅಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ, ಕೇಳಲು ಅವರಿಗೆ ಬೇಕಾದ ಕಾಗದ ಅದೇ.